ಆಚೆ ದಡದ ಕಿವಿ

ನವೆಂಬರ್ 6, ಮಂಗಳವಾರ

ಮೂವತ್ತಮೂರು ಏಟು. ಇಪ್ಪತ್ತನೆಯದಕ್ಕೆ ಹಗ್ಗ ಜಾರಿತು. ಲೆಕ್ಕ ತಪ್ಪಲಿಲ್ಲ. ಬಲ ಅಂಗೈಯಲ್ಲಿ ಮತ್ತೆ ಬೊಕ್ಕೆ. ಅಮ್ಮ ಮುಲಾಮು ಸವರಿದಳು, ಈಗ ಪೆನ್ನೂ ಜಾರುತ್ತಿದೆ.

ಗೋಪುರಕ್ಕೆ ನೂರ ಹದಿನಾಲ್ಕು ಮೆಟ್ಟಿಲು. ನವೆಂಬರ್ ಒಂದರಿಂದ ಫೆಬ್ರವರಿ ಎರಡರವರೆಗೆ ದಿನಾ ಸಂಜೆ ಆರಕ್ಕೆ ಗಂಟೆ ಬಾರಿಸಬೇಕು, ಮೂವತ್ತಮೂರು ಏಟು. ಕೈಯಿಂದಲೇ. ಮೋಟಾರು ಕೂಡದು. ಕೆಲಸಕ್ಕೆ ಸೇರಿದ ದಿನ ನಗರದ ದಾಖಲೆ ಕೋಣೆಯ ಫ್ರೌ ಡ್ಯೋರಿಂಗ್ ನನ್ನನ್ನು ನಿಲ್ಲಿಸಿಕೊಂಡು ಹಳೆಯ ಕರಾರು ಓದಿದ್ದರು. 1583ರಲ್ಲಿ ಉಪ್ಪಿನ ವ್ಯಾಪಾರದ ವಿಧವೆಯೊಬ್ಬಳ ದೋಣಿ ಮೈನ್ ನದಿಯ ಮಂಜಿನಲ್ಲಿ ದಿಕ್ಕು ತಪ್ಪಿತಂತೆ. ನಮ್ಮ ವೈಡೆನ್‌ಫುರ್ಟಿನ ಗಂಟೆಯ ಸದ್ದು ಹಿಡಿದು ದಡ ಸೇರಿದಳು. ಆಚೆ ದಡದ ತನ್ನ ಹುಲ್ಲುಗಾವಲನ್ನು ನಮ್ಮ ಊರಿಗೆ ಬರೆದುಕೊಟ್ಟಳು. ಚಳಿಗಾಲದ ಒಂದು ಸಂಜೆ ಗಂಟೆ ತಪ್ಪಿದರೂ, ಒಂದೇ ಏಟು ಕಡಿಮೆಯಾದರೂ ಹುಲ್ಲುಗಾವಲು ಆಚೆಯ ಕ್ರೆಬ್ಸ್‌ಹೈಮ್ ಹಳ್ಳಿಗೆ — ಬಾರಿಸುವ ಹೊಣೆಯ ಸಮೇತ. ಅದಕ್ಕೇ ಆ ಹಳ್ಳಿಯವರು ನಾಲ್ಕುನೂರ ಮೂವತ್ತೈದು ವರ್ಷದಿಂದ ನದಿಯಂಚಿನ ಬೆಂಚಿನ ಮೇಲೆ ಒಬ್ಬ ಕೇಳುಗನನ್ನು ಕೂರಿಸುತ್ತ ಬಂದಿದ್ದಾರೆ. ನಾವು ತಪ್ಪಲಿ ಎಂದು.

“ಯುದ್ಧದಲ್ಲಿ ಸೇತುವೆ ಮುರಿದು ಬಿದ್ದಾಗ್ಲೂ ಗಂಟೆ ತಪ್ಪಿಲ್ಲ,” ಎಂದಿದ್ದರು ಫ್ರೌ ಡ್ಯೋರಿಂಗ್, ಕನ್ನಡಕದ ಮೇಲಿಂದ ನೋಡುತ್ತ. “ನಿನ್ನ ಕೈಲಿ ತಪ್ಪಬಾರದು.”

ಏಪ್ರಿಲ್‌ನಲ್ಲಿ ಶಾಲೆ ಬಿಟ್ಟೆ. ಅಲ್ಲಿಂದ ಇದು ನಾಲ್ಕನೆಯ ಕೆಲಸ. ಹಿಂದಿನ ಮೂರರಲ್ಲಿ ಯಾವುದೂ ತಿಂಗಳು ದಾಟಿಲ್ಲ. ಕೂತಲ್ಲಿ ಕೂರಲಾಗುವುದಿಲ್ಲ ನನಗೆ. ಸರಿ, ಇದರಲ್ಲಿ ನಿಂತೇ ಇರಬಹುದು.

ನವೆಂಬರ್ 10, ಶನಿವಾರ

ಗಂಟೆಯ ಲೆಕ್ಕದ ಪುಸ್ತಕ ಬದಲಾಯಿಸುವ ದಿನ: ಬಾರಿಸಿದ್ದು ನನ್ನದರಲ್ಲಿ, ಕೇಳಿಸಿದ್ದು ಕೇಳುಗನದರಲ್ಲಿ. ಬೆಳಗ್ಗೆ ಹತ್ತಕ್ಕೆ ಸೇತುವೆಯ ನಟ್ಟನಡುವೆ. ನನ್ನ ಪುಸ್ತಕಕ್ಕೆ ಕೇಳುಗನ ರುಜು, ಕೇಳುಗನ ಪುಸ್ತಕಕ್ಕೆ ನನ್ನ ರುಜು. ಈಗಿನ ಕೇಳುಗ ಓಟ್ಮಾರ್ ಶ್ಟಾಪ್ಫ್. ಎಪ್ಪತ್ತಾರು ವರ್ಷ. ರೈಲ್ವೆಯಲ್ಲಿ ಸಿಗ್ನಲ್ ಕೋಣೆಯ ಕೆಲಸ ಮಾಡಿ ನಿವೃತ್ತರಾದವರು. ಹನ್ನೊಂದು ಚಳಿಗಾಲದಿಂದ ಬೆಂಚಿನ ಮೇಲಿದ್ದಾರೆ.

“ಏನಮ್ಮ ಹಗ್ಗದವಳೇ, ಮಂಗಳವಾರ ಇಪ್ಪತ್ತನೇ ಏಟು ಕುಂಟ್ತಾ ಇತ್ತಲ್ಲ?”

“ಅಷ್ಟೂ ಗೊತ್ತಾಗತ್ತಾ ನಿಮಗೆ?”

“ಏಡಿಗೆ ಕಿವಿ ಇಲ್ಲ ಅಂತಾರಂತೆ ನಿಮ್ಮೂರಲ್ಲಿ. ಇಲ್ನೋಡು ಏಡಿ ಕಿವಿ.” ಟೋಪಿ ಮೇಲೆತ್ತಿ ಕಿವಿ ತೋರಿಸಿದರು. ದೊಡ್ಡದು, ಚಳಿಗೆ ಕೆಂಪಾಗಿತ್ತು.

ನಮ್ಮವರು ಅವರನ್ನು ಏಡಿಗಳು ಎನ್ನುತ್ತಾರೆ, ಅವರ ಊರಿನ ಹೆಸರಿನ ‘ಕ್ರೆಬ್ಸ್’ ಎಂದರೆ ಏಡಿ. ಅವರು ನಮ್ಮನ್ನು ಹಗ್ಗದವರು ಎನ್ನುತ್ತಾರೆ. ಶ್ಟಾಪ್ಫ್ ಎಂದರೆ ನನಗೆ ಇಷ್ಟ. ಯಾಕೆ ಶಾಲೆ ಬಿಟ್ಟೆ ಎಂದು ಕೇಳದ ಮೊದಲ ಮನುಷ್ಯ.

ನವೆಂಬರ್ 14, ಬುಧವಾರ

ಹ್ಯಾಂಬರ್ಗಿನಿಂದ ಗೆಳತಿ ಯೂಲೆ ಮೆಸೇಜ್ ಮಾಡಿದ್ದಾಳೆ. ಅವಳ ಮನೆಯಲ್ಲಿ ಒಂದು ಕೋಣೆ ಖಾಲಿಯಾಗಿದೆಯಂತೆ, ಬರುವುದಾದರೆ ಈಗಲೇ ಬಾ ಎಂದಿದ್ದಾಳೆ. ಇಡೀ ದಿನ ಅದೇ ತಲೆಯಲ್ಲಿ. ಹಗ್ಗ ಎಳೆಯುವಾಗ ಲೆಕ್ಕದ ಬದಲು ನಿಲ್ದಾಣಗಳ ಹೆಸರು ಹೇಳಿಕೊಳ್ಳುತ್ತಿದ್ದೆ.

ಬ್ಯಾಗ್ ತುಂಬಿಟ್ಟೆ. ಸುಮ್ಮನೆ. ನೋಡೋಣವೆಂದು.

ನವೆಂಬರ್ 16, ಶುಕ್ರವಾರ, ಬೆಳಗ್ಗೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ನಾಲ್ಕರ ಟ್ರೈನ್ ಹತ್ತಿದೆ. ಬ್ಯಾಗ್ ಹಾಕಿಕೊಂಡು. ಯಾರಿಗೂ ಹೇಳಲಿಲ್ಲ. ವ್ಯುರ್ಟ್ಸ್‌ಬುರ್ಗ್‌ನಲ್ಲಿ ಇಳಿದು ಹ್ಯಾಂಬರ್ಗ್ ಗಾಡಿಗೆ ಕಾದೆ. ಅದು ಮುಕ್ಕಾಲು ಗಂಟೆ ತಡ. ಪ್ಲಾಟ್‌ಫಾರ್ಮಿನ ಗಡಿಯಾರದಲ್ಲಿ ಮುಳ್ಳು ಆರಕ್ಕೆ ಬಂತು. ಎರಡೂ ಕೈ ತಾವಾಗಿಯೇ ಮುಷ್ಟಿ ಹಿಡಿದವು. ಇನ್ನು ಹೇಗೆ ಓಡಿದರೂ ಆಗುವುದಿಲ್ಲ. ಗಾಡಿ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ನಾನು ಹತ್ತಲಿಲ್ಲ. ಯಾಕೆಂದು ನನಗೂ ಗೊತ್ತಿಲ್ಲ.

ಎಂಟಕ್ಕೆ ಊರು. ಮನೆ ಮುಂದೆ ಜನ ಸೇರಿರುತ್ತಾರೆ ಎಂದುಕೊಂಡು ಬಂದೆ. ಅಮ್ಮ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

“ಗಂಟೆ ಬಾರಿಸಿ ಎಲ್ಲಿಗೆ ಹೋಗಿದ್ಯೇ? ಸೂಪ್ ಆರಿಹೋಯ್ತು.”

“ಗಂಟೆ ಕೇಳಿಸ್ತಾ?”

“ಕೇಳಿಸದೇ ಏನು? ದಿನಾ ಕೇಳಲ್ವಾ?”

ಇವತ್ತು ಬ್ರೆಡ್ ತರಲು ಹೋದರೆ ಬೇಕರಿಯ ಗುಂಪೆರ್ಟ್ ಕೂಡ ಅದನ್ನೇ ಹೇಳಿದ. “ನಿನ್ನೆ ಚೆನ್ನಾಗಿ ಬಾರಿಸ್ದೆ ಕಣೆ. ಕೈ ಪಳಗ್ತಿದೆ.”

ಗೋಪುರಕ್ಕೆ ಹೋಗಿ ಪುಸ್ತಕದಲ್ಲಿ ಬರೆದೆ: ನವೆಂಬರ್ 15, ಬಾರಿಸಲಿಲ್ಲ. ಸ್ವೆನ್ಯಾ ಲೋಟ್ಸ್.

ನಾಳೆ ಶನಿವಾರ. ಶ್ಟಾಪ್ಫ್ ಓದುತ್ತಾರೆ. ಮುಗಿಯಿತು.

ನವೆಂಬರ್ 17, ಶನಿವಾರ

ಅವರು ಓದಲಿಲ್ಲ.

ಪುಸ್ತಕ ತೆಗೆದುಕೊಂಡರು, ಪುಟದ ಕೊನೆಗೆ ರುಜು ಹಾಕಿದರು, ಕೊಟ್ಟರು. ಅವರ ಪುಸ್ತಕ ನೋಡಿದೆ. ಗುರುವಾರದ ಸಾಲಿನಲ್ಲಿ ಅದೇ ನೇರ ಅಕ್ಷರ: ಕೇಳಿಸಿತು. ಎರಡು ಸಲ ಓದಿದೆ. ರುಜು ಹಾಕಿದೆ. ರುಜುವಿಗೆ ‘ನೋಡಿದ್ದೇನೆ’ ಎಂದಷ್ಟೇ ಅರ್ಥ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಹೊರಡುವಾಗ ತಿರುಗಿ ಕೇಳಿದರು. “ಗುರುವಾರ… ನಿಮ್ಮ ಕಡೆ ಮಂಜು ಜಾಸ್ತಿ ಇತ್ತಾ?”

“ಇತ್ತು,” ಎಂದೆ.

ಮಂಜು ಇತ್ತು. ಸುಳ್ಳಲ್ಲ. ಆದರೆ ಅವರು ಕೇಳಿದ್ದು ಮಂಜಿನ ಬಗ್ಗೆ ಅಲ್ಲ.

ನವೆಂಬರ್ 24, ಶನಿವಾರ

ಇವತ್ತು ಶ್ಟಾಪ್ಫ್ ಏಡಿಯ ತಮಾಷೆಯನ್ನೂ ಮಾಡಲಿಲ್ಲ, ಹಗ್ಗದ್ದನ್ನೂ ಮಾಡಲಿಲ್ಲ. ರುಜು ಹಾಕಿದರು, ಹೋದರು. ಪೆನ್ನು ಸೇತುವೆಯ ಕಟ್ಟೆಯ ಮೇಲೇ ಮರೆತರು. ಅವರು ಏನನ್ನೂ ಮರೆಯುವವರಲ್ಲ. ಓಡಿ ಹೋಗಿ ಕೊಟ್ಟೆ. ಪೆನ್ನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತ ನಿಂತರು.

ಡಿಸೆಂಬರ್ 1, ಶನಿವಾರ

ಶ್ಟಾಪ್ಫ್ ಬರಲಿಲ್ಲ. ಸೊಸೆ ಹೈಕೆ ಬಂದಿದ್ದಳು, ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು.

“ಮಾವ ಕಿವಿ ಡಾಕ್ಟರ ಹತ್ರ ಹೋಗಿದ್ರು. ಕಿವಿಗೆ ಏನೂ ಆಗಿಲ್ವಂತೆ. ಹಾಗಾದ್ರೆ ತಲೆದು ಅಂತ ಶುರು ಮಾಡಿದ್ದಾರೆ.”

“ಏನಾಯ್ತು ಅವರಿಗೆ?”

“ಹೋದ ತಿಂಗಳು ಒಂದು ದಿನ ಬೆಂಚಲ್ಲಿ ಕೂತಿದ್ರಂತೆ, ಗಂಟೆ ಕೇಳಿಸ್ಲೇ ಇಲ್ವಂತೆ. ಮಾರನೇ ದಿನ ಕೇಳಿಸ್ತಂತೆ. ನಾವೆಲ್ಲ ಎಷ್ಟು ಹೇಳಿದ್ರೂ ಕೇಳಲ್ಲ. ನಾನಂತೂ ಅವತ್ತು ಗಂಟೆ ಕೇಳಿಯೇ ಆಲೂಗಡ್ಡೆ ಒಲೆ ಮೇಲಿಟ್ಟಿದ್ದು! ಪಕ್ಕದ ಮನೆಯವರೂ ಕೇಳಿದ್ದಾರೆ. ಇಡೀ ಊರಿಗೆ ಕೇಳಿಸಿದ್ದು ಇವರಿಗೊಬ್ಬರಿಗೆ ಕೇಳಿಸ್ಲಿಲ್ಲ.” ಖಾಲಿ ಚೀಲವನ್ನು ಕೈಗೆ ಸುತ್ತಿಕೊಳ್ಳುತ್ತ ಹೇಳಿದಳು. “ಅವರಮ್ಮಂಗೂ ಹೀಗೇ ಶುರುವಾಗಿದ್ದು. ಇದೇ ವಯಸ್ಸಲ್ಲಿ. ಕೊನೆಗೆ ಮಗನ ಗುರುತೇ ಸಿಗ್ತಿರಲಿಲ್ಲ.”

ಕಾರಿನ ಕೀಲಿಕೈ ಮಗನಿಗೆ ಕೊಟ್ಟುಬಿಟ್ಟಿದ್ದಾರಂತೆ. ಹನ್ನೊಂದನೇ ತಾರೀಖು ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್. ಹೊಸ ವರ್ಷಕ್ಕೆ ಬೆಂಚು ಬಿಟ್ಟುಕೊಡುತ್ತಾರಂತೆ.

ಸಂಜೆ ಮೂವತ್ತಮೂರು ಬಾರಿಸಿದೆ. ಒಂದೊಂದು ಏಟೂ ಅವರ ಕಿವಿಗೆ ಹೋಗಿ ಬೀಳುತ್ತಿದೆ, ಅವರು ಅದನ್ನೂ ನಂಬುತ್ತಿಲ್ಲ ಎಂದುಕೊಂಡು.

ಡಿಸೆಂಬರ್ 3, ಸೋಮವಾರ

ಫ್ರೌ ಡ್ಯೋರಿಂಗ್‌ಗೆ ಹೇಳಿಬಿಟ್ಟೆ. ಟ್ರೈನು, ಪ್ಲಾಟ್‌ಫಾರ್ಮು, ಪುಸ್ತಕ, ಎಲ್ಲ. ಅವರು ಎದ್ದು ಬಾಗಿಲು ಹಾಕಿ ಬಂದರು.

“ಯಾರಾದ್ರೂ ಕೇಳಿದ್ರಾ ನಿನ್ನ?”

“ಇಲ್ಲ.”

“ಮತ್ತೆ ಯಾಕೆ ಹೇಳ್ತಿದ್ದೀಯ?”

ಶ್ಟಾಪ್ಫ್ ಅವರ ವಿಷಯ ಹೇಳಿದೆ. ನನ್ನ ಪುಸ್ತಕ ತೆರೆದು ಹದಿನೈದರ ಸಾಲನ್ನು ನೋಡಿದರು. ಮುಚ್ಚಿದರು. ಅದರ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದರು.

“ಕರಾರಿನ ಪ್ರಕಾರ ಸಾಕ್ಷಿ ಅಂದ್ರೆ ಕೇಳುಗನ ಪುಸ್ತಕ. ನಿನ್ನದಲ್ಲ. ಅದರಲ್ಲಿ ಕೇಳಿಸಿತು ಅಂತಿದೆ. ಆ ಹುಲ್ಲುಗಾವಲಲ್ಲಿ ಅರವತ್ತೆರಡು ತೋಟ ಇದೆ, ಸ್ವೆನ್ಯಾ. ನಿಮ್ಮಮ್ಮಂದೂ ಒಂದು. ಮಕ್ಕಳು ಈಜೋ ಜಾಗ ಅದು. ವೈನ್ ಹಬ್ಬ ನಡೆಯೋ ಜಾಗ.” ಆಮೇಲೆ ದನಿ ತಗ್ಗಿತು. “ಆ ಹಿರಿಯರಿಗೆ ಗುಟ್ಟಾಗಿ ಹೇಳಿ ಬಾ. ಪಾಪ, ಅವರ ಮನಸ್ಸು ಹಗುರಾಗ್ಲಿ. ಪುಸ್ತಕದ ಮಾತು ಮಾತ್ರ ಎತ್ತಬೇಡ.”

ಒಳ್ಳೆಯ ಸಲಹೆ. ಎಲ್ಲರಿಗೂ ಆಗುತ್ತದೆ. ಯಾಕೆ ಖುಷಿಯಾಗುತ್ತಿಲ್ಲವೋ.

ಡಿಸೆಂಬರ್ 5, ಬುಧವಾರ

ಶ್ಟಾಪ್ಫ್ ಮನೆ. ಮಧ್ಯಾಹ್ನ ಮೂರು.

ಅಡುಗೆಮನೆಯಲ್ಲಿ ಒಬ್ಬರೇ ಇದ್ದರು. ಎಲ್ಲ ಖಾನೆಗಳ ಮೇಲೂ ಹೊಸ ಚೀಟಿ. ಚಮಚ. ಕಪ್. ಕೀಲಿಕೈ. ಔಷಧಿ. ಅದೇ ನೇರ ಅಕ್ಷರ. ಮೇಜಿನ ಮೇಲೆ ಕತ್ತರಿ, ಅಂಟು, ಇನ್ನೂ ಒಂದು ಕಂತೆ ಚೀಟಿ.

“ಮುಂದೆ ಬೇಕಾಗತ್ತೆ,” ಎಂದರು. “ಬರೆಯೋಕೆ ಬರೋವಾಗ್ಲೇ ಬರೆದಿಟ್ರೆ ಸೊಸೆಗೆ ಸುಲಭ.”

ಮೇಲಿನ ಚೀಟಿಯಲ್ಲಿ ಮಗನ ಹೆಸರಿತ್ತು. ಅದನ್ನು ಎಲ್ಲಿ ಅಂಟಿಸುವವರಿದ್ದರೋ.

ನಿಂತಲ್ಲೇ ಹೇಳಿದೆ. “ಹೆರ್ ಶ್ಟಾಪ್ಫ್, ನವೆಂಬರ್ ಹದಿನೈದಕ್ಕೆ ನಾನು ಗಂಟೆ ಬಾರಿಸ್ಲಿಲ್ಲ. ನಾನು ಊರಲ್ಲೇ ಇರಲಿಲ್ಲ. ನಿಮ್ಮ ಕಿವೀನೂ ಸರಿ ಇದೆ, ತಲೇನೂ ಸರಿ ಇದೆ. ಸರಿ ಇಲ್ಲದ್ದು ನಾನು.”

ಅವರು ಕತ್ತರಿಯನ್ನು ಕೆಳಗಿಟ್ಟರು.

“ಎಲ್ಲರಿಗೂ ಕೇಳಿಸ್ತಲ್ಲಮ್ಮ?”

“ಯಾರಿಗೂ ಕೇಳಿಸಿಲ್ಲ. ದಿನಾ ಕೇಳಿಸತ್ತೆ ಅಂತ ಅವತ್ತೂ ಕೇಳಿಸಿತು ಅನ್ಕೊಂಡ್ರು. ಆ ಸಂಜೆ ಎರಡೂ ಊರಲ್ಲಿ ನಿಜವಾಗಿ ಕೇಳ್ತಾ ಕೂತಿದ್ದೋರು ನೀವೊಬ್ಬರೇ.”

ಅವರು ಎದ್ದು ಹೋಗಿ ‘ಚಮಚ’ ಚೀಟಿಯನ್ನು ಉಗುರಿನಿಂದ ಕಿತ್ತರು. ಆಮೇಲೆ ‘ಕಪ್’. ಬೆನ್ನು ಈ ಕಡೆಗಿತ್ತು, ಭುಜ ಅಲುಗುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ. ನದಿ ಬೂದು ಬಣ್ಣಕ್ಕಿತ್ತು.

ಅಷ್ಟಕ್ಕೇ ನಾನು ಹೊರಟುಬಿಡಬೇಕಿತ್ತು. ಅವರು ಮುಖ ಒರೆಸಿಕೊಂಡು ಬಂದರು — ಕೈಯಲ್ಲಿ ಕೇಳುಗನ ಪುಸ್ತಕ, ಅಳತೆಪಟ್ಟಿ, ಪೆನ್ನು.

“ಮೂವತ್ತೆಂಟು ವರ್ಷ ಸಿಗ್ನಲ್ ಕೋಣೇಲಿ ಕೂತವನು ನಾನು. ಬರದ ಗಾಡೀನ ಬಂತು ಅಂತ ಒಂದಿನಾನೂ ಬರೆದಿಲ್ಲ. ಇಲ್ಲಿ ಬರೆದುಬಿಟ್ಟೆ ನೋಡು.”

“ಯಾಕೆ ಬರೆದ್ರಿ?”

“ನಿಮ್ಮ ಗಂಟೆ ತಪ್ಪಲ್ಲ ಅಂತ. ನಾನೂರು ವರ್ಷ ತಪ್ಪದೇ ಇರೋದು ಇವತ್ತು ತಪ್ಪತ್ತಾ? ತಪ್ಪಿದ್ರೆ ನಾನೇ ತಪ್ಪಿರಬೇಕು.” ಅಳತೆಪಟ್ಟಿಯನ್ನು ಗುರುವಾರದ ಸಾಲಿನ ಕೆಳಗೆ ನೇರ ಮಾಡಿದರು. “ಇದನ್ನ ಹೊಡೆದು ಹಾಕಿದ್ರೆ ಏನಾಗತ್ತೆ ಗೊತ್ತಲ್ಲ?”

ಗೊತ್ತು. ಬೇಡ ಎನ್ನಬಹುದಿತ್ತು. ಅಮ್ಮನ ತೋಟ ಕಣ್ಣ ಮುಂದೆ ಬಂತು. ಬೇಡ ಎಂದರೆ ಅವರು ಬಿಡುತ್ತಿದ್ದರೇನೋ. ನನಗಾಗಿ.

“ನಿಮ್ಮ ಪುಸ್ತಕ ಅದು,” ಎಂದೆ. “ನನ್ನದರಲ್ಲಿ ನಿಜಾನೇ ಬರೆದಿದ್ದೆ. ನೀವು ಓದದೇ ರುಜು ಹಾಕಿದ್ರಿ.”

“ಕನ್ನಡಕ ಮನೇಲಿತ್ತು,” ಎಂದು ನಕ್ಕರು. ಕಣ್ಣು ಇನ್ನೂ ಒದ್ದೆ. “ಕಿವಿ ಹೋಯ್ತು ಅನ್ನೋ ಚಿಂತೇಲಿ ಕಣ್ಣು ಬಿಟ್ಟು ಬಂದಿದ್ದೆ.”

ಒಂದೇ ಗೆರೆ. ಮೇಲೆ ಬರೆದರು: ಕೇಳಿಸಲಿಲ್ಲ.

ಡಿಸೆಂಬರ್ 6, ಗುರುವಾರ

ಬೆಳಗ್ಗೆ ಒಂಬತ್ತರೊಳಗೆ ಊರಿಗೆಲ್ಲ ಗೊತ್ತು. ಗುಂಪೆರ್ಟ್ ಬ್ರೆಡ್ ಕೊಟ್ಟ, ಮುಖ ನೋಡಲಿಲ್ಲ. ಅಮ್ಮ ಕೆಲಸದಿಂದ ಬಂದವಳು ಕೋಟು ಬಿಚ್ಚದೆ ಕೂತಳು.

“ಹದಿನಾಲ್ಕು ವರ್ಷ ಆಯ್ತು ತೋಟದಲ್ಲಿ ಆ ಮರ ನೆಟ್ಟು,” ಎಂದಳು. ಅಷ್ಟೇ.

ಡಿಸೆಂಬರ್ 13, ಗುರುವಾರ

ನಿನ್ನೆ ನಗರಸಭೆಯಲ್ಲಿ ಎರಡೂ ಊರಿನವರ ಸಭೆ. ಮಧ್ಯಾಹ್ನ ಎರಡರಿಂದ ಐದರವರೆಗೆ. ಕಿಟಕಿ ಕಟ್ಟೆಗಳ ಮೇಲೂ ಜನ. ಮೊದಲು ನನ್ನ ಪುಸ್ತಕ ಓದಿದರು, ಆಮೇಲೆ ಶ್ಟಾಪ್ಫ್ ಅವರದು. ಎರಡರಲ್ಲೂ ಒಂದೇ ಮಾತು. ವಾದ ಮಾಡಲು ಏನೂ ಉಳಿಯಲಿಲ್ಲ. ಆದರೂ ಮೂರು ಗಂಟೆ ಮಾಡಿದರು.

ಕ್ರೆಬ್ಸ್‌ಹೈಮಿನ ಮುಖ್ಯಸ್ಥೆ ಫ್ರೌ ಹೊಯ್ಸ್ಲರ್ ಎದ್ದು ನಿಂತು, “ನಾನೂರ ಮೂವತ್ತೈದು ವರ್ಷ ಚಳೀಲಿ ಕೂತಿದ್ದಕ್ಕೆ ಇವತ್ತು ಫಲ ಸಿಕ್ತು,” ಎಂದರು.

“ಏಡಿ ಇಕ್ಕಳ ಹಾಕ್ತು ನೋಡ್ರೋ!” ಹಿಂದಿನಿಂದ ಯಾರೋ.

“ಹಗ್ಗ ಬಿಟ್ಟೋರು ಯಾರಪ್ಪ?” ಆ ಕಡೆಯಿಂದ.

ತೋಟಗಳು ಇದ್ದವರಿಗೇ ಇರುತ್ತವೆ. ಈಜುವುದಕ್ಕೂ ಅಡ್ಡಿಯಿಲ್ಲ. ಅಲ್ಲಿಯವರೆಗೆ ಎಲ್ಲ ಸಮಾಧಾನ. ಆಮೇಲೆ ಹೊಯ್ಸ್ಲರ್ ಹೇಳಿದರು — ಮುಂದಿನ ವರ್ಷದಿಂದ ಹುಲ್ಲುಗಾವಲಿನ ವೈನ್ ಹಬ್ಬದಲ್ಲಿ ಕ್ರೆಬ್ಸ್‌ಹೈಮಿನ ವೈನ್ ಮಾತ್ರ. ಗೋಳು ಎದ್ದಿತು ನೋಡಿ! ಜಾಗ ಹೋಯಿತು ಎಂದಾಗಲೂ ಅಷ್ಟು ಎದ್ದಿರಲಿಲ್ಲ.

“ನಿಮ್ಮ ವೈನಾ? ಅದರಲ್ಲಿ ಕಿಟಕಿ ಒರೆಸಬಹುದು!”

“ಒರೆಸಿ, ಒರೆಸಿ. ಆಗ್ಲಾದ್ರೂ ಆಚೆ ದಡ ಚೆನ್ನಾಗಿ ಕಾಣಿಸತ್ತೆ!”

ಹಸ್ತಾಂತರ ಜನವರಿ ಆರಕ್ಕೆ. ಅವತ್ತಿನಿಂದ ಬಾರಿಸುವ ಹೊಣೆ ಅವರದು, ಅವರದೇ ಗಂಟೆಯಲ್ಲಿ. ಅವರ ಚರ್ಚಿನ ಗಂಟೆಗೆ ಮೋಟಾರಿದೆ, ಹಗ್ಗ ತೆಗೆದು ಮೂವತ್ತು ವರ್ಷ; ಮತ್ತೆ ಕಟ್ಟಬೇಕು. ಯಾರು ಎಳೆಯುತ್ತಾರೆ ಎಂದು ಕೇಳಿದಾಗ ಆ ಕಡೆ ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ಶ್ಟಾಪ್ಫ್ ಕೈಯೆತ್ತಿದರು.

“ಮಾವ, ನಿಮ್ಮ ವಯಸ್ಸು!” ಹೈಕೆ ಕೂಗಿದಳು.

“ತಲೆಯ ಸ್ಕ್ಯಾನ್ ಆಗಿದೆ. ಇಪ್ಪತ್ತರ ಹುಡುಗಂದು ಇದ್ದ ಹಾಗಿದೆ ಅಂದಿದ್ದಾರೆ. ತೋಳಿನ ಸುದ್ದಿ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.”

ಇನ್ನು ನಮ್ಮ ಕಡೆಯಿಂದ ಕೇಳುಗ ಬೇಕು. ಯಾರೂ ಏಳಲಿಲ್ಲ. ಮೇಯರ್ ನನ್ನತ್ತ ನೋಡಿದರು. “ಈ ಹುಡುಗಿಗೆ ಬಾಯಿ ಮುಚ್ಕೊಂಡಿರೋಕೆ ಬರಲ್ಲ. ಕಿವಿ ತೆರೆದಿಟ್ಕೊಳ್ಳೋಕಾದ್ರೂ ಬರತ್ತಾ ನೋಡೋಣ.” ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ.

ಕೇಳುಗನ ನೇಮಕ ಹತ್ತು ವರ್ಷಕ್ಕಂತೆ. ಹತ್ತು ವರ್ಷ ಇರುತ್ತೇನೆ ಎಂದು ಹೇಳಲಾರೆ ಎಂದೆ. ಈ ಚಳಿಗಾಲ ಮುಗಿಯುವವರೆಗೆ ಕೂರುತ್ತೇನೆ, ಅದನ್ನು ಬರೆದುಕೊಳ್ಳಿ ಎಂದೆ. ಫ್ರೌ ಡ್ಯೋರಿಂಗ್ ಹಾಗೇ ಬರೆದುಕೊಂಡರು.

ಡಿಸೆಂಬರ್ 23, ಭಾನುವಾರ

ಅಮ್ಮ ಬೆಳಗ್ಗೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು, “ಗೋಣಿ ಹೊತ್ಕೊಂಡು ಬಾ,” ಎಂದಳು. ಹದಿನೇಳು ದಿನದ ಮೇಲೆ ಮೊದಲ ಮಾತು.

ಸೇತುವೆ ದಾಟಿ ತೋಟಕ್ಕೆ ಹೋದೆವು. ಅವಳು ನೆಟ್ಟ ಕ್ವಿನ್ಸ್ ಹಣ್ಣಿನ ಮರದ ಬುಡಕ್ಕೆ ಒಣಹುಲ್ಲು ಕಟ್ಟಿ ಮೇಲೆ ಗೋಣಿ ಸುತ್ತಿದೆವು. ನಾನು ಹಿಡಿದುಕೊಂಡೆ, ಅವಳು ಗಂಟು ಹಾಕಿದಳು.

“ಮರಕ್ಕೇನು ಗೊತ್ತು, ಯಾರ ಊರು ಅಂತ,” ಎಂದಳು. ಎರಡನೆಯ ಗಂಟು ಹಾಕುತ್ತ, ಮುಖ ನೋಡದೆ ಹೇಳಿದಳು. “ಅವತ್ತು ಗಂಟೆ ಕೇಳಿಸ್ತು ಅಂದೆನಲ್ಲ, ಸುಳ್ಳು ಹೇಳಿದ್ದಲ್ಲ ಕಣೆ. ಈಗ್ಲೂ ನೆನೆಸ್ಕೊಂಡ್ರೆ ಕೇಳಿಸಿದ ಹಾಗೇ ಇದೆ. ಅದೇ ಭಯ.”

ವಾಪಸು ಬರುವಾಗ ನನ್ನ ತೋಳು ಹಿಡಿದುಕೊಂಡಿದ್ದಳು. ಸೇತುವೆ ಜಾರುತ್ತಿತ್ತು.

ಯೂಲೆ ಇನ್ನೊಂದು ಮೆಸೇಜ್ ಹಾಕಿದ್ದಾಳೆ. ಕೋಣೆಗೆ ಬೇರೆಯವರು ಬಂದರಂತೆ. ಬೇಜಾರಾಗಬೇಕಿತ್ತು. ಸ್ವಲ್ಪ ಆಯಿತು.

ಜನವರಿ 5, ಶನಿವಾರ

ಕೊನೆಯ ಮೂವತ್ತಮೂರು. ಬೊಕ್ಕೆಯಿದ್ದ ಜಾಗವೆಲ್ಲ ಈಗ ಗಟ್ಟಿ ಚರ್ಮ. ಹಗ್ಗವನ್ನು ಸುತ್ತಿ ಮೊಳೆಗೆ ನೇತುಹಾಕಿದೆ. ನೂರ ಹದಿನಾಲ್ಕು ಮೆಟ್ಟಿಲು ಇಳಿದೆ. ಅವನ್ನು ಬೈದುಕೊಳ್ಳುವುದನ್ನು ಯಾವಾಗ ಬಿಟ್ಟೆನೋ ಗೊತ್ತಿಲ್ಲ.

ಜನವರಿ 6, ಭಾನುವಾರ, ಸಂಜೆ 5.40, ಬೆಂಚಿನ ಮೇಲೆ

ನಮ್ಮ ದಡದಲ್ಲಿ ಬೆಂಚೇ ಇರಲಿಲ್ಲ. ನಗರಸಭೆಯವರು ಉದ್ಯಾನದಿಂದ ಒಂದನ್ನು ತಂದು ಹಾಕಿದ್ದಾರೆ, ಒಂದು ಕಾಲು ಗಿಡ್ಡ. ಮಡಿಲಲ್ಲಿ ಕೇಳುಗನ ಹೊಸ ಪುಸ್ತಕ, ಅದರ ಮೇಲೆ ಈ ಡೈರಿ.

ಒಬ್ಬಳೇ ಕೂರಬಹುದು ಎಂದುಕೊಂಡಿದ್ದೆ. ಅರ್ಧ ಊರು ಬಂದಿದೆ. ಬಿಸಿ ವೈನ್, ಲಾಟೀನು, ಮಕ್ಕಳು, ನಾಯಿಗಳು. ಎಲ್ಲರಿಗೂ ಒಂದೇ ಆಸೆ: ಮುದುಕ ತಪ್ಪಲಿ. ಒಂದು ಏಟು ತಪ್ಪಿದರೂ ಸಾಕು, ಹುಲ್ಲುಗಾವಲು ವಾಪಸು.

“ಹದಿನೈದಕ್ಕೆ ಕೂತುಬಿಡ್ತಾನೆ ನೋಡ್ತಿರಿ,” ಎನ್ನುತ್ತಿದ್ದಾನೆ ಗುಂಪೆರ್ಟ್.

“ಹತ್ತಕ್ಕೆ,” ಎಂದರು ಯಾರೋ.

ನಾನು ಕೇಳಿದ್ದನ್ನಷ್ಟೇ ಬರೆಯುತ್ತೇನೆ. ಎಷ್ಟೋ ಅಷ್ಟು. ಅದನ್ನು ಎಲ್ಲರಿಗೂ ಹೇಳಿಯಾಗಿದೆ. ತಪ್ಪದಿರಲಿ ಎನ್ನುವುದು ನನ್ನ ಆಸೆ — ಅದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

5.58. ಆಚೆ ದಡ ಕಾಣುವುದಿಲ್ಲ. ಮಂಜು.

ಆರು. ಏನೂ ಇಲ್ಲ. ಅಥವಾ ಈ ಗದ್ದಲದಲ್ಲಿ ಕೇಳಿಸುತ್ತಿಲ್ಲ. ಎದ್ದು ನಿಂತು ಕೂಗಿದೆ, “ಬಾಯಿ ಮುಚ್ರೀ ಎಲ್ಲರೂ! ನಾನು ಕೇಳಬೇಕು!”

ಮುಚ್ಚಿದರು. ನಾಯಿಗಳೂ. ನೀರಿನ ಸದ್ದು ಕೇಳಿಸಿತು.

ಬಂತು. ಸಣ್ಣ ಗಂಟೆ, ತಗಡಿನ ಸದ್ದು. ಒಂದು. ಎರಡು. ಗೆರೆ ಹಾಕುತ್ತಿದ್ದೇನೆ.

ಹನ್ನೊಂದು. ಎಲ್ಲರ ತುಟಿಯೂ ಅಲುಗುತ್ತಿದೆ. ಇಡೀ ಊರು ಎಣಿಸುತ್ತಿದೆ.

ಹದಿನೈದು ದಾಟಿತು. ಗುಂಪೆರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ.

ಇಪ್ಪತ್ತಮೂರು. ನಡುವಿನ ಅಂತರ ಹೆಚ್ಚುತ್ತಿದೆ. ತೋಳು ಸೋಲುತ್ತಿದೆ ಅವರದು. ಆ ನೋವು ಎಲ್ಲಿಂದ ಶುರುವಾಗುತ್ತದೆ ಎಂದು ನನಗೆ ಗೊತ್ತು, ಭುಜದ ಹಿಂದೆ, ಕುತ್ತಿಗೆಯ ಹತ್ತಿರ.

ಇಪ್ಪತ್ತೇಳು.

ನಿಂತಿತು. ನಿಂತೇ ಇದೆ.  ಪಕ್ಕದಲ್ಲಿ ಅಮ್ಮ ಪಿಸುಗುಟ್ಟುತ್ತಿದ್ದಾಳೆ, “ಎಳೀರಿ ಹೆರ್ ಶ್ಟಾಪ್ಫ್, ಎಳೀರಿ, ಇನ್ನಾರೇ ಆರು.” ಅವಳ ಹಿಂದಿನಿಂದ ಇನ್ಯಾರೋ ಅದನ್ನೇ. ಗುಂಪೆರ್ಟ್ ಕೂಡ.

ಇಪ್ಪತ್ತೆಂಟು.

ಇಪ್ಪತ್ತೊಂಬತ್ತು. ಎರಡೂ ಪುಸ್ತಕದಲ್ಲಿ ಒಟ್ಟಿಗೆ ಬರೆಯಲಾಗುವುದಿಲ್ಲ, ಇದನ್ನು ಇಲ್ಲಿಗೆ ನಿಲ್ಲಿಸಿ ಎಣಿಸುತ್ತೇನೆ.